ಹೊಟ್ಟೆ ಸಾಕೆಂದರೂ ಕೈ ಕೇಳದು

'ಆತುರಗಾರನಿಗೆ ಬುದ್ಧಿ ಮಟ್ಟ' ಎಂಬ ಗಾದೆಯನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ! ದಪ್ಪಗಿರುವವರನ್ನು ಕಂಡರಂತೂ ಅದರ ಜೊತೆಗೆ 'ನಾಲಿಗೆಗೆ ಹಿಡಿತವಿಲ್ಲ' ಎಂಬ ತೀರ್ಪನ್ನೂ ಕೊಟ್ಟುಬಿಡುತ್ತೇವೆ. ನನ್ನ ಅಕ್ಕನ ಮಗನನ್ನು ಹತ್ತಿರದಿಂದ ಕಂಡ ಮೇಲೆ ನನಗೆ ಈ ಗಾದೆಯ ಮೇಲಿನ ನಂಬಿಕೆ ಕಡಿಮೆಯಾಗಿದೆ.

ಅವನ ತೂಕ 130 ಕಿಲೋ ದಾಟಿತ್ತು. ಸಕ್ಕರೆ ಕಾಯಿಲೆ, ಮೊಣಕಾಲು ನೋವು ಬೇರೆ. ನಾಲ್ಕು ವರ್ಷಗಳ ಹಿಂದೆ ವೈದ್ಯರ ಸಲಹೆಯಂತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎನ್ನುವ ಈ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಹಸಿವನ್ನು ಕೆರಳಿಸುವ ಘ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಪತ್ತೆ ಹಚ್ಚಿದರು. ಅದು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕುವ ಈ ಭಾಗದಲ್ಲೇ. ಹೀಗಾಗಿ ಜಾಗವೂ ಕಡಿಮೆ, ಹಸಿವೂ ಕಡಿಮೆ. ಒಂದೂವರೆ ವರ್ಷದಲ್ಲಿ ಅವನು 40 ಕಿಲೋ ಇಳಿದ. ಅಕ್ಕ ಹರಕೆ ತೀರಿಸಿದಳು.

ಮೂರನೆಯ ವರ್ಷ ತೂಕ ಮತ್ತೆ ಏರತೊಡಗಿತು. ಅರ್ಧ ರೊಟ್ಟಿಗೇ ಕೈ ತೊಳೆಯುವವನು ದಪ್ಪಗಾಗುವುದೆಂತು? ನಮ್ಮ ಗೊಟಗೋಡಿಗೆ ಬಂದಾಗ ಕೇಳಿದೆ. ಅವನು ತಲೆ ತಗ್ಗಿಸಿ, "ಹೊಟ್ಟಿ ಸಾಕು ಅಂತೈತ್ರಿ ಮಾವಾ, ಕೈ ಕೇಳವಲ್ದು" ಎಂದ. ಕಚೇರಿಯ ಮೇಜಿನ ಮೇಲೆ ಸವಣೂರಿನ ಖಾರ, ಹೆದ್ದಾರಿಯಲ್ಲಿ ಬಸ್ಸು ನಿಂತರೆ ಗಿರ್ಮಿಟ್ಟು, ಮಿರ್ಚಿ, ಯಾರೋ ಕೊಟ್ಟ ಪೇಢೆ. ಒಮ್ಮೆಗೆ ಒಂದೇ ತುತ್ತು; ಆದರೆ ದಿನವಿಡೀ ತುತ್ತು. ತೂಕದ ಯಂತ್ರಕ್ಕೆ ನಾಚಿ ತಪಾಸಣೆಗೆ ಹೋಗುವುದನ್ನೇ ಬಿಟ್ಟಿದ್ದ.

ಅವನ ಮಾತಿನಲ್ಲೇ ವಿಜ್ಞಾನವಿದೆ. ವೈದ್ಯರ ಕತ್ತರಿ ಮುಟ್ಟಿದ್ದು ಜಠರವನ್ನು. ಕೈಗೆ ಅಪ್ಪಣೆ ಕೊಡುವುದು ಮೆದುಳು. ಕಂಡದ್ದು ಈಗಲೇ ಬೇಕೆನ್ನುವ ತುಡಿತಕ್ಕೆ ಲಗಾಮು ಹಾಕುವುದರಲ್ಲಿ ಹಣೆಯ ಹಿಂದಿರುವ ಮೆದುಳಿನ ಭಾಗದ ಪಾತ್ರ ದೊಡ್ಡದು. ಆ ಲಗಾಮು ಎಲ್ಲರಲ್ಲೂ ಒಂದೇ ಬಿಗಿಯಲ್ಲಿರುವುದಿಲ್ಲ. ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಕೂಗುವ ಹುಡುಗರನ್ನು ತರಗತಿಯಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ, ಅವರೇನೂ ದಡ್ಡರಲ್ಲ.

ಆತುರದ ಸ್ವಭಾವ ನೇರವಾಗಿ ತೂಕ ಏರಿಸುತ್ತದೆಂದು ಎಲ್ಲ ಅಧ್ಯಯನಗಳೂ ಹೇಳಿಲ್ಲ. ಆದರೆ ಹತೋಟಿ ತಪ್ಪಿ ತಿನ್ನುವುದು, ಹೊತ್ತುಗೊತ್ತಿಲ್ಲದೆ ಮೆಲ್ಲುವುದು ಇಂಥವರಲ್ಲಿ ಹೆಚ್ಚು. ಚಿಕಿತ್ಸೆಯ ಫಲವನ್ನು ಕರಗಿಸುವುದು ಈ ರೂಢಿ. ರೊಟ್ಟಿಯನ್ನು ತಡೆಯುವ ಕೊಳವೆ ಐಸ್‌ಕ್ರೀಮನ್ನಾಗಲಿ ಶರಬತ್ತನ್ನಾಗಲಿ ತಡೆಯಲಾರದು.

ಹಾಗಾದರೆ ದಾರಿ? 1970ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞರು ಎಳೆಯ ಮಕ್ಕಳಿಗೆ, ಕಾದರೆ ಹೆಚ್ಚು ಇಷ್ಟದ ತಿಂಡಿ, ಕಾಯದಿದ್ದರೆ ಕಡಿಮೆ ಇಷ್ಟದ್ದು ಎಂಬ ಪರೀಕ್ಷೆ ಒಡ್ಡಿದರು. ತಿಂಡಿ ಕಣ್ಣೆದುರಿಗಿದ್ದಾಗ ಮಕ್ಕಳು ಬೇಗ ಸೋತರು. ಕಾಣದಂತೆ ಇಟ್ಟಾಗ ಹೆಚ್ಚು ಹೊತ್ತು ಕಾದರು. ಮಕ್ಕಳ ಸ್ವಭಾವವನ್ನು ಯಾರೂ ತಿದ್ದಿರಲಿಲ್ಲ, ತಿಂಡಿಯನ್ನು ಮರೆಮಾಡಿದ್ದರು ಅಷ್ಟೆ.

ನಾವೂ ಅದನ್ನೇ ಮಾಡಿದೆವು. ಖಾರದ ಡಬ್ಬಿ ಮೇಜಿನಿಂದ ಇಳಿಯಿತು. ಊಟಕ್ಕೆ ಗೊತ್ತಾದ ಹೊತ್ತು, ಸಣ್ಣ ತಟ್ಟೆ, ಮೊದಲು ಬೇಳೆ, ಕಾಳು, ಮೊಸರು. ತಪಾಸಣೆಗೆ ಅವನು ಮತ್ತೆ ಹೋಗುತ್ತಿದ್ದಾನೆ. ಆಹಾರ ತಜ್ಞರ ಜೊತೆಗೆ ಮನಸ್ಸಿನ ಸಲಹೆಗಾರರನ್ನೂ ಕಾಣುತ್ತಾನೆ. ಮರಳಿ ಏರಿದ 11 ಕಿಲೋದಲ್ಲಿ 4 ಇಳಿದಿದೆ. ಇಂಥವರಲ್ಲಿ ಒಂದಿಷ್ಟು ತೂಕ ಮರಳುವುದು ಸಾಮಾನ್ಯವೆಂದು ವೈದ್ಯರು ಹೇಳಿದ ಮೇಲೆ ಅವನ ಮುಖವೂ ತಿಳಿಯಾಗಿದೆ.

ಕಷ್ಟವಿರುವುದು ನಮ್ಮ ಉಪಚಾರದಲ್ಲಿ. ಜಾತ್ರೆಯಿರಲಿ, ಸೀಮಂತವಿರಲಿ, "ಒಂದ ಹೋಳಿಗಿ ತಿಂದ್ರ ಏನಾಕ್ಕೈತಿ, ತಿನ್ನೋ ತಮ್ಮಾ" ಎನ್ನುವವರು ಒಬ್ಬಿಬ್ಬರಲ್ಲ. ಬೇಡವೆಂದರೆ ಮುನಿಸು. ತಿಂದರೆ, ಆಪರೇಶನ್ ಮಾಡಿಸಿದರೂ ಬುದ್ಧಿ ಬರಲಿಲ್ಲವೆಂಬ ಪಿಸುಮಾತು. ತಿನ್ನುವವನ ಆತುರವನ್ನು ಆಡಿಕೊಳ್ಳುವ ನಾವು ಬಡಿಸುವುದರಲ್ಲಿ ಒಂದಿಷ್ಟು ಆತುರ ಬಿಡೋಣ. ಹೋಳಿಗೆಯ ಬುಟ್ಟಿ ಒಳಗೇ ಇರಲಿ. ಬೇಕಾದರೆ ಅವನೇ ಕೇಳಿಯಾನು.