ಹೊಲದೊಳಗಿನ ಕಲ್ಲುಮನೆ

ನೇಗಿಲಿಗೆ ಏನಾದರೂ ತಗುಲಿ ಟಣ್ಣೆಂದರೆ ಸಾಕು, ನಮ್ಮ ಮಾಗಡಿ, ರಾಮನಗರದ ಕಡೆ ಮೊದಲು ಹುಟ್ಟುವ ಮಾತು ‘ನಿಧಿ’. ಎತ್ತು ಬಿಚ್ಚುವ ಮೊದಲೇ ಸುದ್ದಿ ಊರು ಸೇರಿರುತ್ತದೆ. ಇಪ್ಪತ್ತೆಂಟು ವರ್ಷ ಈ ಸೀಮೆಯ ಮಕ್ಕಳಿಗೆ ಸಮಾಜ ಪಾಠ ಹೇಳಿದ್ದೇನೆ. ಅಶೋಕನ ಬಗ್ಗೆ ಕೇಳಿದವರಿಗಿಂತ, “ಮೇಡಂ, ನಮ್ಮ ಹೊಲದಲ್ಲೂ ಸಿಗಬಹುದಾ?” ಎಂದು ಕೇಳಿದವರೇ ಹೆಚ್ಚು.

ಒಮ್ಮೆ ಎಂಟನೆಯ ತರಗತಿಗೆ ಇಂಗ್ಲೆಂಡಿನ ಫಿಶ್‌ಬೋರ್ನ್ ಎಂಬ ಊರಿನ ಕಥೆ ಹೇಳಿದೆ. 1960ರಲ್ಲಿ ಅಲ್ಲಿ ನೀರಿನ ಕೊಳವೆಗೆಂದು ಅಗೆದಾಗ ರೋಮನ್ನರ ಕಾಲದ ದೊಡ್ಡ ಮನೆಯ ಕುರುಹು ಸಿಕ್ಕಿತು. ಚೂರುಕಲ್ಲು ಜೋಡಿಸಿ ರಂಗೋಲಿಯ ಹಾಗೆ ಚಿತ್ತಾರ ಬಿಡಿಸಿದ ನೆಲ! ಹಿಂದಿನ ಬೆಂಚಿನ ಹುಡುಗಿ ಎದ್ದು, “ಅವರು ನಮ್ಮ ಕಡೆ ಯಾಕೆ ಮನೆ ಕಟ್ಟಲಿಲ್ಲ?” ಎಂದಳು.

ಇಲ್ಲಿ ಅವರು ಮನೆ ಕಟ್ಟಲಿಲ್ಲ, ಆದರೆ ಅವರ ದುಡ್ಡು ಬಂದಿತ್ತು. 1891ರಲ್ಲಿ ಯಶವಂತಪುರದ ಬಳಿ ರೈಲುಹಳಿಗಾಗಿ ಅಗೆಯುವಾಗ ಮಣ್ಣಿನ ಮಡಕೆಯೊಂದರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಕಾಲದವು. 1947ರಲ್ಲಿ ವೀಲರ್ ಉತ್ಖನನ ಮಾಡಿದ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಂಥ ನಾಣ್ಯಗಳು ದೊರೆತವು. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹಣವನ್ನು ಭಾರತ ಎಳೆದುಕೊಳ್ಳುತ್ತಿದೆ ಎಂದು ರೋಮಿನ ಪ್ಲಿನಿ ಗೊಣಗಿದ್ದ; ಪರದೇಶಕ್ಕೆ ದುಡ್ಡು ಹರಿಯಲು ಹೆಂಗಸರ ಶೋಕಿಯೂ ಕಾರಣ ಎಂದಿದ್ದ. ಎರಡು ಸಾವಿರ ವರ್ಷವಾದರೂ ಗಂಡಸರ ಆಕ್ಷೇಪಣೆ ಬದಲಾಗಿಲ್ಲ ನೋಡಿ!

ಹಾಗಾದರೆ ನಮ್ಮ ಹೊಲದಲ್ಲಿ ನಮ್ಮದೇನೂ ಇಲ್ಲವೆ? ಇದೆ. ಮಾಗಡಿಯ ಸಾವನದುರ್ಗದ ಬಳಿಯ ಪ್ರಾಚೀನ ಕಲ್ಲುಗೋರಿಗಳ ಬಗ್ಗೆ ಬ್ರಾನ್‌ಫಿಲ್ ಎಂಬ ಇಂಗ್ಲಿಷ್ ಅಧಿಕಾರಿ 1881ರಲ್ಲೇ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬರೆದಿದ್ದಾನೆ. ನಾಲ್ಕು ಚಪ್ಪಡಿ ನೆಟ್ಟು, ಮೇಲೊಂದು ಮುಚ್ಚಿ, ಸುತ್ತ ಗುಂಡುಕಲ್ಲುಗಳನ್ನು ಬಳೆಯಂತೆ ಜೋಡಿಸುವುದು ಇಂಥ ಗೋರಿಗಳ ಒಂದು ರೀತಿ. ಜನ ಇವನ್ನು ಪಾಂಡವರ ಮನೆ ಎನ್ನುತ್ತಾರೆ. ದಕ್ಷಿಣದಲ್ಲಿ ಇವನ್ನು ಕಟ್ಟುವ ರೂಢಿ ಸುಮಾರು ಕ್ರಿ.ಪೂ. 1000ದಿಂದ ಕ್ರಿಸ್ತಶಕದ ಮೊದಲ ಶತಮಾನಗಳವರೆಗೂ ಇತ್ತು. ರೋಮನ್ ಬೆಳ್ಳಿ ಬಂದ ಕಾಲಕ್ಕೂ ಎಲ್ಲೋ ಯಾರೋ ತಮ್ಮವರನ್ನು ಹೀಗೆ ಮಣ್ಣು ಮಾಡುತ್ತಿದ್ದರು.

ಆ ಹುಡುಗಿ ಮಾರನೆಯ ವಾರ ಒಂದು ಮಡಕೆಚೂರು ತಂದಳು. ಒಳಗೆ ಕಪ್ಪು, ಹೊರಗೆ ಕೆಂಪು. ಬೋರಲು ಹಾಕಿ ಸುಟ್ಟರೆ ಗಾಳಿ ತಾಗದ ಒಳಭಾಗ ಕಪ್ಪಾಗುತ್ತದೆ, ಗಾಳಿಯಾಡಿದ ಹೊರಭಾಗ ಕೆಂಪಾಗುತ್ತದೆ. ಅದೇ ಭಾನುವಾರ ಅವರ ಹೊಲಕ್ಕೆ ಹೋದೆ. ಕಲ್ಲಿನ ಬಳೆ ಅರ್ಧ ಉಳಿದಿತ್ತು. ಮೇಲಿನ ಚಪ್ಪಡಿ ಎಂದೋ ಬಟ್ಟೆ ಒಗೆಯುವ ಕಲ್ಲಾಗಿತ್ತು.

“ನಿಧಿ ನೋಡಕ್ ಬಂದ್ರಾ, ಟೀಚರಮ್ಮ?” ಎಂದು ಹುಡುಗಿಯ ಅವ್ವ ನಕ್ಕಳು. ಮಗ ಹುಟ್ಟಿದ ವರ್ಷ ಯಾರೋ ರಾತ್ರೋರಾತ್ರಿ ಬಂದು ಗುಂಡಿ ತೋಡಿ, ನಿಂಬೆಹಣ್ಣು, ಕುಂಕುಮ ಬಿಟ್ಟು ಹೋಗಿದ್ದರಂತೆ. ಅವರಿಗೆ ಏನು ಸಿಕ್ಕಿರುತ್ತದೆ? ಇಂಥ ಗೋರಿಗಳಲ್ಲಿ ಸಾಮಾನ್ಯವಾಗಿ ಇರುವುದು ಮೂಳೆ, ಮಡಕೆ, ಕಬ್ಬಿಣದ ಸಾಮಾನು, ಒಮ್ಮೊಮ್ಮೆ ನಾಲ್ಕು ಮಣಿ. ಯಾವುದು ಯಾವುದರ ಪಕ್ಕದಲ್ಲಿ, ಎಷ್ಟು ಆಳದಲ್ಲಿತ್ತು ಎಂಬುದರಲ್ಲೇ ಅದರ ಬೆಲೆ. ಒಮ್ಮೆ ಕೆದಕಿದರೆ ಅದು ಹೋಯಿತು. ಇದನ್ನೆಲ್ಲ ಹೇಳಿ, ಕಲ್ಲು ಕೀಳಿಸಬೇಡಿ, ಏನಾದರೂ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನಿದೆ ಎಂದೆ.

ಆಕೆ ಸೊಪ್ಪಿನ ಹೊರೆ ಇಳಿಸಿ ನಿಧಾನವಾಗಿ ಕೇಳಿದಳು: “ಎರಡು ಗುಂಟೆ ಹಿಪ್ಪುನೇರಳೆ ಹೋಯ್ತದೆ. ಸತ್ತೋರಿಗೆ ಜಾಗ ಬುಟ್ಟು ಇರೋರು ಎಲ್ಲಿಗೋಗಾನ?”

ಆ ಎರಡು ಗುಂಟೆಯ ಸೊಪ್ಪೇ ಹುಡುಗಿಯ ಪುಸ್ತಕ, ಬಟ್ಟೆ. ತಿಂಗಳ ಸಂಬಳದ ನನಗೆ ಪುರಾತನದ ಮೇಲೆ ಪ್ರೀತಿ ತೋರುವುದು ಸುಲಭ; ಆ ಪ್ರೀತಿಯ ಖರ್ಚು ಅವಳದು. ಇದಕ್ಕೆ ಉತ್ತರ ಪಾಠದ ಪುಸ್ತಕದಲ್ಲಿರಲಿಲ್ಲ. ಅಷ್ಟರಲ್ಲಿ ಜಗಲಿಯಿಂದ ಅಜ್ಜಿ, “ನಮ್ಮನ್ನೂ ನಾಳೆ ಇಲ್ಲೇ ಮಡಗದು ಕಣವ್ವಾ. ಅವರನ್ನ ಎಬ್ಬಿಸಬ್ಯಾಡ” ಎಂದರು. ಸೊಸೆ ಮಾತಾಡಲಿಲ್ಲ.

ಈ ಸಲದ ಉಳುಮೆಯಲ್ಲಿ ಟ್ರ್ಯಾಕ್ಟರು ಆ ಕಲ್ಲುಗಳನ್ನು ಬಳಸಿಕೊಂಡು ಹೋಯಿತಂತೆ. ಮುಂದಿನ ಸಲದ್ದು ಅಜ್ಜಿಯ ಆಯಸ್ಸು, ರಾಮನಗರದ ಮಾರುಕಟ್ಟೆಯ ಗೂಡಿನ ದರ, ಎರಡರ ಮೇಲೂ ನಿಂತಿದೆ.