ಮೊದಲ ಕರಡು



ಮದ್ದೂರಿನಿಂದ ಮಂಡ್ಯದ ಕಾಲೇಜಿಗೆ ನಿತ್ಯವೂ ರೈಲಿನಲ್ಲಿ ಹೋಗಿಬರುವ, ಸದ್ಭಕ್ತ ಮನೆತನದ ವಿದ್ಯಾರ್ಥಿನಿಯೊಬ್ಬಳು ಕನ್ನಡ ಎಂ.ಎ. ತರಗತಿಗಾಗಿ ಪ್ರಬಂಧವೊಂದನ್ನು ಬರೆಯಬೇಕಾಗಿತ್ತು. ‘ಮಂಟೇಸ್ವಾಮಿ ಕಾವ್ಯದಲ್ಲಿ ಕಲ್ಯಾಣ’ ಎಂಬ ವಿಷಯವನ್ನು ಅವಳೇ ಆರಿಸಿಕೊಂಡಳು. ಮಂಟೇಸ್ವಾಮಿಯವರ ಗದ್ದುಗೆಯಿರುವ ಬೊಪ್ಪೇಗೌಡನಪುರವು ಮಳವಳ್ಳಿ ತಾಲ್ಲೂಕಿನಲ್ಲಿದೆ. ಅವಳ ತಾಯಿಯ ತವರೂ ಆ ಸೀಮೆಯದೇ.

ಹತ್ತು ದಿನಗಳಲ್ಲಿ ಇಪ್ಪತ್ತೆರಡು ಪುಟಗಳ ಕರಡು ಸಿದ್ಧವಾಯಿತು. ಅಕ್ಷರಗಳು ದುಂಡಾಗಿದ್ದವು, ಅಂಚು ನೇರವಾಗಿತ್ತು. ಆದರೆ ಪುಟಪುಟಕ್ಕೂ ‘ಅನನ್ಯ’, ‘ಮಹತ್ತರ’ ಎಂಬ ಪದಗಳು; ಅರ್ಧಕ್ಕಿಂತ ಹೆಚ್ಚು ವಾಕ್ಯಗಳು ಗ್ರಂಥಾಲಯದ ಪುಸ್ತಕಗಳಿಂದ ಎತ್ತಿಕೊಂಡವು. ಮೊದಲ ಕರಡು ಬಹುಮಟ್ಟಿಗೆ ಹಾಗೆಯೇ ಇರುತ್ತದೆ, ಅದು ದೋಷವಲ್ಲ. ದೋಷವಿದ್ದದ್ದು ಅವಳು ಬೇಕೆಂದೇ ಕೈಬಿಟ್ಟಿದ್ದ ಒಂದು ಪ್ರಸಂಗದಲ್ಲಿ.

ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಆ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವುದು ಹೊಲಸು ವೇಷದಲ್ಲಿ. ಬಸವಣ್ಣನವರ ಮಹಾಮನೆಯಲ್ಲಿ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ ನಡೆದಿರುವಾಗ, ಈ ಅತಿಥಿಗೆ ಮಾತ್ರ ತಿರಸ್ಕಾರ ಕಾದಿರುತ್ತದೆ. ಉಂಡವರಲ್ಲಿ ಲಾಂಛನ ಮಾತ್ರ ಧರಿಸಿದವರೆಷ್ಟು, ನಿಜದ ಜಂಗಮರೆಷ್ಟು ಎಂಬುದು ಆಗ ಬಯಲಾಗುತ್ತದೆ. ಬಸವಣ್ಣನವರೂ ಪರೀಕ್ಷೆಗೆ ಒಳಗಾಗುತ್ತಾರೆ. ಇದನ್ನು ಬರೆದರೆ ಮನೆಯ ಹಿರಿಯರು ನೊಂದಾರೆಂದು ಅವಳು ‘ಬಸವಣ್ಣನವರು ಮಂಟೇಸ್ವಾಮಿಯನ್ನು ಭಕ್ತಿಯಿಂದ ಬರಮಾಡಿಕೊಂಡರು’ ಎಂಬ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದಳು.

ಭಾನುವಾರ ಮಳವಳ್ಳಿಗೆ ಹೋಗಿ ತಾತನಿಗೆ ಕರಡನ್ನು ಓದಿ ಹೇಳಿದಳು. ನಿತ್ಯ ಲಿಂಗಪೂಜೆ ತಪ್ಪಿಸದ ಹಿರಿಯ ಜೀವ. ಬಾಲ್ಯದಲ್ಲಿ ನೀಲಗಾರರ ಹಾಡನ್ನು ಕೇಳುತ್ತ ಜಗಲಿಯಲ್ಲೇ ನಿದ್ದೆಹೋದವರು. ಕೊನೆಯವರೆಗೂ ಕೇಳಿ ಒಂದೇ ಮಾತು ಕೇಳಿದರು:

“ಬಾಗ್ಲಲ್ಲಿ ನಿಂತಿದ್ದು ಎಲ್ಲಿ ಮಗ? ಅದ್ನೇ ಬುಟ್ಟಿದ್ದೀಯಲ್ಲ.”

“ಅದನ್ನು ಬರೆದರೆ ನಮ್ಮವರಿಗೆ ನೋವಾಗುವುದಿಲ್ಲವೆ ತಾತ?”

ತಾತ ಉತ್ತರಿಸಲಿಲ್ಲ. ಕಪಾಟಿನಿಂದ ಶೂನ್ಯಸಂಪಾದನೆಯನ್ನು ತರಿಸಿ, ಪ್ರಭುದೇವರು ಕಲ್ಯಾಣಕ್ಕೆ ಬರುವ ಭಾಗವನ್ನು ಓದಿಸಿದರು. ಅಲ್ಲಿಯೂ ಅತಿಥಿ ಬಾಗಿಲಲ್ಲೇ ನಿಂತಿದ್ದಾರೆ! ಅಲ್ಲಮಪ್ರಭುಗಳು ಸಿದ್ಧರಾಮನೊಡನೆ ಬಂದು ನಿಂತಾಗ ಬಸವಣ್ಣನವರು ಲಿಂಗಪೂಜೆಯಲ್ಲಿ ಮಗ್ನರಾಗಿರುತ್ತಾರೆ. ಹಡಪದ ಅಪ್ಪಣ್ಣನವರನ್ನು ಕಳುಹಿಸಿ ಕರೆಸಿದರೂ ಪ್ರಭುಗಳು ಒಳಗೆ ಬರುವುದಿಲ್ಲ. ಜಂಗಮ ಹೊರಗೆ ನಿಂತಿರಲು ಒಳಗೆ ಪೂಜೆ ಎಂತಹದೆಂಬ ಎಚ್ಚರಿಕೆ ಚೆನ್ನಬಸವಣ್ಣನವರಿಂದ ಬರುತ್ತದೆ. ಗುರುಮನೆಗಳಲ್ಲಿ ಪಾರಾಯಣವಾಗುವ ಗ್ರಂಥವೂ ಅಕ್ಷರವರಿಯದವರು ಹಾಡಿಕೊಂಡು ಬಂದ ಕಾವ್ಯವೂ ಒಂದೇ ಹೊಸ್ತಿಲಿಗೆ ಬಂದು ನಿಂತಿರುವುದನ್ನು ಅವಳು ಅಂದಿನವರೆಗೆ ಗಮನಿಸಿರಲಿಲ್ಲ. ಮಂಟೇಸ್ವಾಮಿಯೇ ಅಲ್ಲಮನೆಂದು ನಂಬುವವರೂ ಇದ್ದಾರೆ. ಆ ಚರ್ಚೆ ಬೇರೆ.

ಶೂನ್ಯಸಂಪಾದನೆಯಾದರೂ ಒಂದೇ ಬರಹದಲ್ಲಿ ಮುಗಿದ ಗ್ರಂಥವಲ್ಲ. ಶಿವಗಣಪ್ರಸಾದಿ ಮಹದೇವಯ್ಯನವರು ಮೊದಲು ಸಂಪಾದಿಸಿದರು. ಅನಂತರ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರಾದ ಮೇಲೊಬ್ಬರು ವಚನಗಳನ್ನು ಸೇರಿಸಿ, ಕ್ರಮವನ್ನು ಬದಲಿಸಿ ಮತ್ತೆ ಕಟ್ಟಿದರು. ಹಿಂದಿನವರ ಮೇಲಿನ ಗೌರವ ಅವರ ಲೇಖನಿಯನ್ನು ತಡೆಯಲಿಲ್ಲ.

ಸೋಮವಾರದ ಬೆಳಗಿನ ರೈಲಿನಲ್ಲಿ ಅವಳಿಗೆ ಕಿಟಕಿಯ ಪಕ್ಕದ ಸ್ಥಳ ದೊರೆಯಿತು. ಪ್ರಬಂಧವನ್ನು ಒಪ್ಪಿಸಲು ನಾಲ್ಕು ದಿನಗಳಿದ್ದವು. ಮದ್ದೂರು ವಡೆ ಮಾರುವವನ ಕೂಗು ಹಿಂದೆ ಸರಿಯುವಷ್ಟರಲ್ಲಿ ಮೊದಲ ಆರು ಪುಟಗಳಿಗೆ ಅಡ್ಡಗೆರೆ ಬಿದ್ದಿತ್ತು. ಹೊಸ ಹಾಳೆಯಲ್ಲಿ ಮಂಟೇಸ್ವಾಮಿಯನ್ನು ಕಲ್ಯಾಣದ ಬಾಗಿಲಿಗೆ ತಂದು ನಿಲ್ಲಿಸಿದಳು. ಗಾಡಿಯ ಕುಲುಕಾಟಕ್ಕೆ ಅಕ್ಷರಗಳು ಸೊಟ್ಟಗಾದವು. ಬಸವಣ್ಣನವರು ಎದ್ದು ಹೊರಗೆ ಬರುವ ಭಾಗ ಇನ್ನೂ ಬಾಕಿಯಿರುವಾಗಲೇ ಮಂಡ್ಯ ಬಂತು.