ನಗುವಿನ ಗಲ್ಲಾಪೆಟ್ಟಿಗೆ

ತೊಂಬತ್ತರ ದಶಕದಿಂದ ಹಾಸ್ಯ ಸಂಜೆಗಳನ್ನು ನೋಡುತ್ತ ಬಂದ ನಮ್ಮ ತಲೆಮಾರಿಗೆ ಅದರ ಕ್ರಮ ಬಾಯಿಪಾಠ. ಗಣೇಶನ ಪೆಂಡಾಲು, ಇಲ್ಲವೇ ರಾಜ್ಯೋತ್ಸವದ ವೇದಿಕೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಅಧ್ಯಕ್ಷರ ನಾಲ್ಕು ಮಾತು (ಅವು ನಾಲ್ಕಕ್ಕೆ ಎಂದೂ ನಿಂತದ್ದಿಲ್ಲ), ಹೆಚ್ಚು ಅಂಕ ಪಡೆದ ಮಕ್ಕಳಿಗೆ ಸನ್ಮಾನ. ಇಷ್ಟೆಲ್ಲ ಮುಗಿದು ಹಾಸ್ಯಗಾರರ ಕೈಗೆ ಮೈಕು ಸಿಗುವಾಗ ರಾತ್ರಿ ಒಂಬತ್ತೂವರೆ. ಕೊನೆಗೆ ಅವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಬುಟ್ಟಿಯ ಮೇಲೊಂದು ಕವರು. ಈಗ ಬೆಂಗಳೂರಿನ ಯಾವುದೋ ಕೆಫೆಯ ಮಹಡಿಯಲ್ಲಿ ಮೂವತ್ತು ಕುರ್ಚಿ, ಒಂದು ಮೈಕು, ಸ್ಟೂಲಿನ ಮೇಲೆ ನೀರಿನ ಬಾಟಲಿ. ನಾಲ್ಕನೇ ನಿಮಿಷಕ್ಕೆ ಹಿಂದಿನ ಗೋಡೆಯ ಬಳಿ ಯಾರೋ ಮೊಬೈಲಿನ ಟಾರ್ಚ್ ಬೆಳಗಿಸುತ್ತಾರೆ, ಐದಕ್ಕೆ ಇಳಿಯಬೇಕು. ಶಾಲೂ ಇಲ್ಲ, ಕವರೂ ಇಲ್ಲ. ಈ ಎರಡು ದೃಶ್ಯಗಳ ನಡುವೆ ಕೆಟ್ಟದ್ದು ಭಾಷೆ, ಕೆಟ್ಟದ್ದು ಅಭಿರುಚಿ ಎನ್ನುವವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ಬದಲಾದದ್ದು ದುಡ್ಡು ಕೊಡುವವರು; ಉಳಿದ ಬದಲಾವಣೆಗಳೆಲ್ಲ ಅದರ ಬೆನ್ನಿಗೆ ಬಂದವು.

ಹಾಸ್ಯ ಸಂಜೆಯಲ್ಲಿ ಪ್ರೇಕ್ಷಕರಿಗೆ ಪ್ರವೇಶ ಉಚಿತ, ಖರ್ಚು ಸಮಿತಿಯದು. ಎಂಟು ವರ್ಷದ ಮಗುವಿನಿಂದ ಎಂಬತ್ತರ ಅಜ್ಜಿಯವರೆಗೆ ಎಲ್ಲರೂ ಒಟ್ಟಿಗೆ ಕೂತು ನಗಬೇಕು. ಮುಂದಿನ ಸಾಲಿನಲ್ಲಿ ದೇಣಿಗೆ ಕೊಟ್ಟವರಿದ್ದಾರೆ. ಇಂಥ ಕಡೆ ಗಂಡ-ಹೆಂಡತಿ, ಗುಂಡ, ಮೇಷ್ಟ್ರು, ಧಾರವಾಡ-ಮಂಗಳೂರುಗಳ ಮಾತಿನ ಧಾಟಿ, ಇವೇ ವಸ್ತುವಾದದ್ದು ಹಾಸ್ಯಗಾರರಿಗೆ ಬೇರೇನೂ ತೋಚದೆ ಅಲ್ಲ. ನಗೆಹನಿಯೂ ಆಗ ಊರ ಕೆರೆಯ ನೀರಿನ ಹಾಗೆ, ಯಾರು ಬೇಕಾದರೂ ಮೊಗೆಯಬಹುದಿತ್ತು. ಅದರಿಂದ ಲಾಭವೂ ಆಯಿತೆನ್ನಿ. 1980ರಲ್ಲೇ ತೀರಿಕೊಂಡ ಹಾಸ್ಯ ಸಾಹಿತಿ ಬೀಚಿಯವರನ್ನು ಹಾಸ್ಯ ಭಾಷಣಕಾರ ಗಂಗಾವತಿ ಪ್ರಾಣೇಶ್ ಹೆಸರು ಹೇಳಿ, ಋಣ ಒಪ್ಪಿಕೊಂಡು ಹಳ್ಳಿಹಳ್ಳಿಗೆ ತಲುಪಿಸಿದರು. ಪುಸ್ತಕದ ಅಂಗಡಿಯ ಮುಖ ನೋಡದವರೂ ಬೀಚಿಯವರ ಪಾತ್ರ ತಿಂಮನನ್ನು ಬಲ್ಲವರಾದರು. ಉದಯ ಟಿವಿಯ ‘ಹರಟೆ’ ಈ ಮಾತುಗಾರಿಕೆಯನ್ನು ಮನೆಯೊಳಕ್ಕೇ ತಂದಿತು. ಆದರೆ ಸಮಿತಿ ಕರೆಸಿದ ಹಾಸ್ಯ ಸಮಿತಿಯನ್ನು ಮುಟ್ಟುವಂತಿರಲಿಲ್ಲ. ರಾಜಕಾರಣಿಗಳನ್ನು ಸಾರಾಸಗಟಾಗಿ ಲೇವಡಿ ಮಾಡಬಹುದಿತ್ತು. ಎದುರಿಗೆ ಕೂತಿದ್ದ ಶಾಸಕರನ್ನಲ್ಲ.

ಕೆಫೆಯ ಈ ಸ್ಟ್ಯಾಂಡ್-ಅಪ್ ಹಾಸ್ಯ ಮುಂಬೈಯಿಂದ ಬಂದ ಆಮದು ಸರಕು ಎಂಬ ಮಾತಿದೆ. ಲಂಡನ್ನಿನ ಕಾಮಿಡಿ ಸ್ಟೋರ್ 2010ರಲ್ಲಿ ಮುಂಬೈನಲ್ಲಿ ಶಾಖೆ ತೆರೆದದ್ದು, ಆಮೇಲೆ ಇಂಗ್ಲಿಷ್ ಹಾಸ್ಯ ಬೆಂಗಳೂರಿನ ಪಬ್ಬುಗಳಿಗೆ ಇಳಿದದ್ದು, 2016ರ ನಂತರ ಡೇಟಾ ಅಗ್ಗವಾಗಿ ವಿಡಿಯೋ ಎಲ್ಲರ ಅಂಗೈಗೆ ಬಂದದ್ದು, ಲಾಲ್‌ಬಾಗನ್ನೇ ತಿರುಚಿ ‘ಲೋಲ್‌ಬಾಗ್’ ಎಂದು ಹೆಸರಿಟ್ಟುಕೊಂಡ ತಂಡ ಕನ್ನಡದಲ್ಲೇ ಟಿಕೆಟ್ ಶೋ ನಡೆಸಿದ್ದು, ಎಲ್ಲ ನಿಜ. ಆದರೆ ಹಾಸ್ಯಕ್ಕೆ ಟಿಕೆಟ್ ಹೊಸದಲ್ಲ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ನಾಟಕವನ್ನು ಜನ ಸಾಲುಗಟ್ಟಿ ಟಿಕೆಟ್ ಕೊಂಡು ನೋಡಿದರು. ಅಂದಿನ ಪತ್ರಿಕೆಯ ಸುದ್ದಿಯನ್ನು ಅಂದಿನ ರಾತ್ರಿಯೇ ಪಾತ್ರದ ಬಾಯಿಗೆ ಎಳೆದು ತಂದು, ನಾಟಕವನ್ನು ಅಲ್ಲಿಗೇ ನಿಲ್ಲಿಸಿ, ನೇರ ಸಭೆಯತ್ತ ತಿರುಗಿ ಮಂತ್ರಿ-ಮಹೋದಯರನ್ನು ಜಾಡಿಸುತ್ತಿದ್ದ ಆ ಮಾತಿನ ವರಸೆಗೆ ಇಂದಿನ ಹುಡುಗರು ಬಳಸುವ ‘ಸ್ಟ್ಯಾಂಡ್-ಅಪ್’ ಎಂಬ ಹೆಸರೇ ಹೊಂದುತ್ತದೆ. ಧೈರ್ಯ ಅವರದು, ನಿಜ. ಆ ಧೈರ್ಯಕ್ಕೆ ಬೆನ್ನೆಲುಬು ಗಲ್ಲಾಪೆಟ್ಟಿಗೆ. ಯಾವ ಸ್ವಾಗತ ಸಮಿತಿಯೂ ಅವರಿಗೆ ಕವರು ಕೊಡಬೇಕಿರಲಿಲ್ಲ. ಹಾಗಾಗಿ ಸ್ಟ್ಯಾಂಡ್-ಅಪ್ಪನ್ನು ಆಮದು ಎನ್ನುವುದಕ್ಕಿಂತ, ನಡುವೆ ಕೆಲಕಾಲ ಉಚಿತವಾಗಿದ್ದ ಹಾಸ್ಯ ಮರಳಿ ಟಿಕೆಟ್ಟಿಗೆ ಬಂತು ಎನ್ನುವುದೇ ಸರಿ.

ಟಿಕೆಟ್ ಬಂದದ್ದೇ ಕಸುಬಿನ ಕಟ್ಟುಪಾಡೂ ಬದಲಾಯಿತು. ದುಡ್ಡು ಕೊಟ್ಟು ಬಂದವನು ಗೊತ್ತಿರುವ ಜೋಕಿಗೆ ನಗುವುದಿಲ್ಲ. ಆದ್ದರಿಂದ ಇನ್ನೊಬ್ಬರ ಜೋಕು ಹೇಳುವುದು ಈಗ ಕಳ್ಳತನ. ಓಪನ್ ಮೈಕಿನ ಐದು ನಿಮಿಷವನ್ನು ಹತ್ತಾರು ಸಲ ತಿದ್ದಿ ಹದಿನೈದಾಗಿಸಿ, ಅದನ್ನು ಒಂದು ಗಂಟೆಗೆ ಬೆಳೆಸಲು ವರ್ಷಗಳು ಹಿಡಿಯುತ್ತವೆ. ಹಾಗೆ ಪಳಗಿಸಿದ ಜೋಕು ವಿಡಿಯೋ ಆಗಿ ಹೊರಬಿದ್ದ ದಿನವೇ ಹಳೆಯದು, ಮತ್ತೆ ಮೊದಲಿನಿಂದ ಶುರು. ಹಾಸ್ಯ ಸಂಜೆಯ ಭಾಷಣಕಾರರು ಒಂದೇ ಪ್ರಸಂಗವನ್ನು ನೂರು ಊರಿನಲ್ಲಿ ಹೇಳಿ ನೂರು ಸಲವೂ ಚಪ್ಪಾಳೆ ಗಿಟ್ಟಿಸಬಹುದಿತ್ತು. ಹೊಸಬರಿಗೆ ಆ ಭಾಗ್ಯವಿಲ್ಲ. ಇಷ್ಟಾಗಿಯೂ ಮನೆ ಬಾಡಿಗೆ ಕಟ್ಟುವುದು ಹೆಚ್ಚಾಗಿ ಟಿಕೆಟ್ಟಿನಿಂದಲ್ಲ, ಕಂಪನಿಗಳ ವಾರ್ಷಿಕ ಕೂಟಗಳಿಂದ. ಅಲ್ಲಿ ಧರ್ಮ ಬೇಡ, ರಾಜಕೀಯ ಬೇಡ, ನಮ್ಮ ಬಾಸ್ ಬಗ್ಗೆಯಂತೂ ಬೇಡವೇ ಬೇಡ ಎಂದು ಮೊದಲೇ ಪಟ್ಟಿ ಬರುತ್ತದೆ. ಹಳೆಯ ಸಮಿತಿಯೇ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಬಂದಂತೆ.

ಹೊಸಬರದು ಅಶ್ಲೀಲ ಎನ್ನುವ ದೂರಿನಲ್ಲಿ ಹುರುಳಿಲ್ಲದಿಲ್ಲ. ಬೈಗುಳಕ್ಕೇ ನಗು ಬೀಳುತ್ತದೆಂದು ನಂಬಿದವರು ಅಲ್ಲಿದ್ದಾರೆ. ಆದರೆ ಕಂಪನಿ ನಾಟಕಗಳ ಹಾಸ್ಯದಲ್ಲಿ ಓಡುತ್ತಿದ್ದ ದ್ವಂದ್ವಾರ್ಥಗಳನ್ನು ನೆನೆದವರು ಈ ದೂರನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿಯಾರು. ಅರ್ಧ ಇಂಗ್ಲಿಷ್ ಎನ್ನುವವರಿಗೆ, ತಮ್ಮ ನಾಟಕಗಳಲ್ಲಿ ಕನ್ನಡಕ್ಕೆ ಇಂಗ್ಲಿಷ್ ಬೆರೆಸಿದ ಕೈಲಾಸಂ ಹೆಸರೊಂದೇ ಉತ್ತರ. ಇದೆಲ್ಲ ಬೆಂಗಳೂರಿನ ಕೆಲವು ಬಡಾವಣೆಗಳ ಮಾತು, ಊರೂರುಗಳಲ್ಲಿ ಇಂದಿಗೂ ನಗಿಸುತ್ತಿರುವುದು ಹಾಸ್ಯ ಸಂಜೆಯೇ ಎಂಬ ಆಕ್ಷೇಪ ಮಾತ್ರ ನಿಜ, ಒಪ್ಪಬೇಕಾದದ್ದು.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಟಿಕೆಟ್ ಸ್ವಾತಂತ್ರ್ಯ ಕೊಡುತ್ತದೆನ್ನುವುದಾದರೆ ಸ್ಟ್ಯಾಂಡ್-ಅಪ್ ಹಾಸ್ಯಗಾರ ಮುನಾವರ್ ಫಾರೂಖಿ 2021ರ ಆರಂಭದಲ್ಲಿ ಇಂದೋರಿನಲ್ಲಿ ಒಂದು ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿ ಕೂತದ್ದೇಕೆ? ಅದೇ ವರ್ಷದ ನವೆಂಬರಿನಲ್ಲಿ ಟಿಕೆಟ್ ಮಾರಾಟವಾಗಿದ್ದೂ ಅವರ ಬೆಂಗಳೂರಿನ ಶೋ ರದ್ದಾದದ್ದೇಕೆ? 2025ರ ಮಾರ್ಚಿನಲ್ಲಿ ಇನ್ನೊಬ್ಬ ಹಾಸ್ಯಗಾರ ಕುನಾಲ್ ಕಾಮ್ರಾ ಆಡಿದ ಮಾತಿಗೆ ಮುಂಬೈಯ ಹ್ಯಾಬಿಟ್ಯಾಟ್ ಸಭಾಂಗಣ ಪುಡಿಯಾದದ್ದೇಕೆ? ಈ ಪ್ರಶ್ನೆ ನನ್ನ ವಾದವನ್ನು ಕೆಡವುವುದಿಲ್ಲ, ಅದರ ಅಂಚನ್ನು ತೋರಿಸುತ್ತದೆ. ವೃತ್ತಿ ನಾಟಕ ಕಂಪನಿಗಳು ಊರಿಗೆ ಬಂದು ಕ್ಯಾಂಪು ಹಾಕಿದರೆ ತಗಡಿನ ಥಿಯೇಟರನ್ನೂ ತಾವೇ ಕಟ್ಟಿಕೊಳ್ಳುತ್ತಿದ್ದವು. ಗಲ್ಲಾಪೆಟ್ಟಿಗೆಯೂ ಅವರದೇ, ಬಾಗಿಲೂ ಅವರದೇ. ಇಂದಿನವರಿಗೆ ಟಿಕೆಟ್ ಮಾತ್ರ ಸ್ವಂತದ್ದು, ಜಾಗ ಇನ್ನೊಬ್ಬರದು. ಆ ಇನ್ನೊಬ್ಬರಿಗೆ ಗಾಜಿನ ಕಿಟಕಿಗಳಿವೆ, ಪರವಾನಗಿಗಳಿವೆ, ಒಂದು ಫೋನ್ ಕರೆಗೆ ಹೆದರಲು ಬೇಕಾದ ಕಾರಣಗಳೆಲ್ಲ ಇವೆ.

ಹುಬ್ಬಳ್ಳಿ, ದಾವಣಗೆರೆ, ಮೈಸೂರುಗಳ ಕನ್ನಡ ಸಂಘಗಳಿಗೆ ಸ್ವಂತ ಕಟ್ಟಡಗಳಿದ್ದರೆ ಅವುಗಳ ಪದಾಧಿಕಾರಿಗಳಲ್ಲಿ ಒಂದು ಕೋರಿಕೆ. ಮುಂದಿನ ರಾಜ್ಯೋತ್ಸವಕ್ಕೆ ಶಾಲು-ಹಾರದ ಖರ್ಚು ಬಿಡಿ. ನಿಮ್ಮ ಸಭಾಂಗಣವನ್ನು ಒಂದು ಸಂಜೆಯ ಮಟ್ಟಿಗೆ ಈ ಹುಡುಗ ಹುಡುಗಿಯರಿಗೆ ಬಿಟ್ಟುಕೊಟ್ಟು ಬಾಗಿಲಲ್ಲಿ ನೂರು ರೂಪಾಯಿಯ ಟಿಕೆಟ್ ಇಡಿ. ಮುಂದಿನ ಸಾಲಿನ ಕುರ್ಚಿಗೆ ಶಾಸಕರೂ ಕೊಂಡೇ ಬರಲಿ.